ಮೀಟರ್ ನೋಡಿ ಬೆಲೆ ಕಟ್ಟಬೇಡಿ: ಹಳೆಯದಾದರೂ ಕಡಿಮೆ ಓಡಿದ ಕಾರಿನ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: 12 ವರ್ಷ ಹಳೆಯ ಪೆಟ್ರೋಲ್ ಕಾರು. ಓಡಿರುವುದು 28,000 ಕಿ.ಮೀ. ಮಾತ್ರ. ಅದೇ ವರ್ಷದ, ಅದೇ ಮಾಡೆಲ್‌ನ ಬೇರೆ ಕಾರುಗಳಿಗಿಂತ ಮೂರನೇ ಒಂದು ಪಾಲು ಹೆಚ್ಚು ಕೇಳುತ್ತಿದ್ದಾರೆ. ‘ಹೊಸ ಗಾಡಿ ಇದ್ದ ಹಾಗಿದೆ’ ಅನ್ನುತ್ತಾರೆ. ಕೊಡಬಹುದೇ?

ಉತ್ತರ: ಅಷ್ಟು ಕೊಡಬೇಡಿ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ, ಪ್ರತಿ ಸಲವೂ ಅದೇ ತಪ್ಪು ಲೆಕ್ಕದೊಂದಿಗೆ. ಕಡಿಮೆ ಓಡಿದ ಕಾರಿನಲ್ಲಿ ಸವೆತ ಕಡಿಮೆ ಎಂಬುದು ಅರ್ಧ ಮಾತ್ರ ನಿಜ. ಎಂಜಿನ್ನಿನ ಸಿಲಿಂಡರ್, ಗೇರ್‌ಬಾಕ್ಸ್, ಕ್ಲಚ್, ವೀಲ್ ಬೇರಿಂಗ್, ಸೀಟುಗಳಂಥವು ಕಿಲೋಮೀಟರಿಗೆ ಸವೆಯುತ್ತವೆ. ರಬ್ಬರು, ದ್ರವಗಳು, ಬ್ಯಾಟರಿ ವರ್ಷಕ್ಕೆ ಹಾಳಾಗುತ್ತವೆ. ಕಾರು ನಿಂತಿದ್ದರೂ ಅವುಗಳ ವಯಸ್ಸು ನಿಲ್ಲುವುದಿಲ್ಲ.

ಇಲ್ಲಿ ಬಹಳ ಮಂದಿ ಗಮನಿಸದ ಒಂದು ಸಂಗತಿಯಿದೆ. 12 ವರ್ಷದಲ್ಲಿ 1,20,000 ಕಿ.ಮೀ. ಓಡಿದ ಕಾರಿಗೆ ಟೈರು, ಬ್ಯಾಟರಿ, ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಪಟ್ಟಿ), ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಎಲ್ಲವನ್ನೂ ಒಮ್ಮೆಯಾದರೂ ಬದಲಿಸಿಯೇ ಇರುತ್ತಾರೆ, ಓಟವೇ ಅದನ್ನು ಮಾಡಿಸುತ್ತದೆ. ಟೈಮಿಂಗ್ ಬೆಲ್ಟಿಗೆ ತಯಾರಕರು ಹಾಕುವ ಮಿತಿ ಅನೇಕ ಕಾರುಗಳಲ್ಲಿ 60,000ದಿಂದ 1,00,000 ಕಿ.ಮೀ. ಆದರೆ ಅದರ ಪಕ್ಕದಲ್ಲೇ ವರ್ಷದ ಮಿತಿಯೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಅದು. 28,000 ಓಡಿದ ಕಾರಿನ ಮಾಲೀಕರು ‘ಇನ್ನೂ ಬಂದಿಲ್ಲ’ ಎಂದು ಮೂಲ ಬೆಲ್ಟನ್ನೇ ಬಿಟ್ಟಿರುತ್ತಾರೆ. ಅದು ಕಿತ್ತರೆ ಬಹುಪಾಲು ಎಂಜಿನ್‌ಗಳಲ್ಲಿ ಪಿಸ್ಟನ್ ಬಂದು ವಾಲ್ವ್‌ಗಳನ್ನು ಬಗ್ಗಿಸುತ್ತದೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಬೇಕು. ಬೆಲ್ಟಿನ ಜಾಗದಲ್ಲಿ ಚೈನ್ ಇದ್ದರೆ ಈ ಭಯ ಕಡಿಮೆ, ಆದರೆ ಆಯಿಲ್ ಸಕಾಲಕ್ಕೆ ಬದಲಿಸಿದ ದಾಖಲೆ ಬೇಕು.

ಆದ್ದರಿಂದ ಬೆಲೆಯನ್ನು ಹೀಗೆ ಕಟ್ಟಿ. ಅದೇ ವರ್ಷದ, ಅದೇ ಮಾಡೆಲ್‌ನ, ಸಾಮಾನ್ಯವಾಗಿ ಓಡಿದ ಎಂಟು-ಹತ್ತು ಕಾರುಗಳ ಬೆಲೆ ಬರೆದುಕೊಳ್ಳಿ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನದನ್ನು ಹಿಡಿಯಿರಿ. ಅದು ಕೇಳುವ ಬೆಲೆ, ಮಾರಾಟವಾಗುವ ಬೆಲೆಯಲ್ಲ, ಸ್ವಲ್ಪ ಇಳಿಸಿ. ಉಳಿದದ್ದನ್ನು 100 ಅನ್ನಿ. ಕ್ಲಚ್, ಶಾಕ್ ಅಬ್ಸಾರ್ಬರ್‌ಗಳಂಥ ಭಾಗಗಳಿಗೆ ಉಳಿದಿರುವ ಆಯುಷ್ಯಕ್ಕಾಗಿ ಗರಿಷ್ಠ 10 ಸೇರಿಸಿ. ಅದೂ ಪ್ರತಿ ವರ್ಷ ಆಯಿಲ್ ಬದಲಿಸಿದ ಬಿಲ್ ಇದ್ದರೆ ಮಾತ್ರ, ಇಲ್ಲದಿದ್ದರೆ ಸೊನ್ನೆ. ಆಮೇಲೆ ವಯಸ್ಸಿನ ಬಾಕಿ ಕೆಲಸಗಳಿಗೆ ನೀವೇ ನಂಬುವ ಮೆಕ್ಯಾನಿಕ್‌ನಿಂದ ಬರಹದಲ್ಲಿ ಅಂದಾಜು ತೆಗೆದುಕೊಂಡು, ಪೂರ್ತಿ ಕಳೆಯಿರಿ. ಅದು 15 ಆಯಿತೆನ್ನಿ, ನ್ಯಾಯವಾದ ಬೆಲೆ 95. ಅವರು ಕೇಳುತ್ತಿರುವುದು 133ಕ್ಕೂ ಹೆಚ್ಚು.

ಬಾಕಿ ಕೆಲಸದ ಪಟ್ಟಿಗೆ ಏನೇನು ಬರುತ್ತದೆ? ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿ ಓದಿ: 2314 ಎಂದರೆ 2014ರ 23ನೇ ವಾರ. ಹತ್ತು ವರ್ಷ ದಾಟಿದ್ದರೆ ಹೂವು (ಟ್ರೆಡ್) ಎಷ್ಟೇ ಆಳವಿರಲಿ, ಸ್ಟೆಪ್ನಿಯೂ ಸೇರಿ ಐದನ್ನೂ ಪಟ್ಟಿಗೆ ಹಾಕಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕಿನ ಬಿಸಿಗೆ ಆಯಿಲ್ ಕುದಿದು ಪೆಡಲ್ ಮೆತ್ತಗಾಗಿ ಕೆಳಗಿಳಿಯುವುದು ಹೀಗೆಯೇ. ಎರಡು ವರ್ಷಕ್ಕೊಮ್ಮೆ ಬದಲಿಸಿದ ದಾಖಲೆ ಇಲ್ಲದಿದ್ದರೆ ಅದನ್ನೂ ಸೇರಿಸಿ. ಕೂಲೆಂಟ್, ರೇಡಿಯೇಟರ್ ಹೋಸ್‌ಗಳು, ಆಕ್ಸಲ್ ಬೂಟುಗಳು, ಕಂಟ್ರೋಲ್ ಆರ್ಮ್ ಬುಷ್‌ಗಳು, ಎಂಜಿನ್ ಮೌಂಟ್‌ಗಳು: ಟಾರ್ಚ್ ಹಿಡಿದು ಕೆಳಗಿನಿಂದ ನೋಡಿ. ರಬ್ಬರನ್ನು ಬೆರಳಿನಿಂದ ಮಡಚಿದಾಗ ಕೂದಲೆಳೆಯ ಬಿರುಕು ಕಂಡರೆ ಸಾಕು, ಪಟ್ಟಿಗೆ ಹಾಕಿ.

28,000 ಹೇಗೆ ಓಡಿತು ಎಂಬುದೂ ಮುಖ್ಯ. ವಾರಕ್ಕೆ ಸುಮಾರು 45 ಕಿ.ಮೀ.ನಂತೆ 12 ವರ್ಷವೂ ಓಡಿದ್ದರೆ ಒಂದು ಕಥೆ. ಮೊದಲ ಮೂರು ವರ್ಷದಲ್ಲೇ ಓಡಿ ಆಮೇಲೆ ಶೆಡ್ಡಿನಲ್ಲಿ ನಿಂತಿದ್ದರೆ ಬೇರೆಯೇ ಕಥೆ. ವರ್ಷಗಟ್ಟಲೆ ನಿಂತ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಗೋಂದಾಗಿ ಪಂಪು, ಇಂಜೆಕ್ಟರ್ ಕಟ್ಟುತ್ತವೆ, ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ, ಎ.ಸಿ. ಕಂಪ್ರೆಸರಿನ ಸೀಲ್ ಒಣಗಿ ಗ್ಯಾಸ್ ಹೋಗುತ್ತದೆ. ಇಲಿ ವೈರು ಕಡಿದಿರುತ್ತದೆ. ಇಂಥ ಕಾರಿಗೆ ನಾನಾದರೆ 100ರ ಮೇಲೆ ಒಂದಂಕಿಯನ್ನೂ ಸೇರಿಸುವುದಿಲ್ಲ. ಸರ್ವಿಸ್ ಪುಸ್ತಕದ ದಿನಾಂಕಗಳ ನಡುವಿನ ಅಂತರ ನೋಡಿದರೆ ಯಾವ ಕಥೆ ಎಂಬುದು ತಿಳಿಯುತ್ತದೆ.

ಕಾರನ್ನು ತಣ್ಣಗಿರುವಾಗಲೇ ನೋಡಿ. ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡು ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಗಟ್ಟಿಯಾಗಿದೆ. ಆಯಿಲ್ ಮುಚ್ಚಳದ ಒಳಗೆ ಕೆನೆಯಂಥದ್ದು ಇದ್ದರೆ ಬರೀ ಗಿಡ್ಡ ಓಡಾಟದ ಕಾರು; ಜೊತೆಗೆ ಕೂಲೆಂಟ್ ಕೂಡ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಮುಂದುವರಿಯಬೇಡಿ. ಎ.ಸಿ. ಹಾಕಿಕೊಂಡು ಅರ್ಧ ಗಂಟೆ ಓಡಿಸಿ, ಇಳಿದು ನಾಲ್ಕೂ ಚಕ್ರಗಳ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದೇ ಬದಿಯ ಚಕ್ರ ಜೋರಾಗಿ ಬಿಸಿ ಹೊಡೆದರೆ ಕ್ಯಾಲಿಪರ್ ಅಂಟಿದೆ.

ಪ್ರಶ್ನೆ: ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂದು ಪತ್ತೆ ಹಚ್ಚುವುದು ಹೇಗೆ?

ಉತ್ತರ: ಸರ್ವಿಸ್ ಬಿಲ್‌ಗಳ ಕಿ.ಮೀ. ದಿನಾಂಕದೊಂದಿಗೆ ಏರುತ್ತಾ ಹೋಗಬೇಕು. ಬ್ರೇಕ್ ಪೆಡಲಿನ ರಬ್ಬರು ನುಣುಪಾಗಿ, ಚಾಲಕರ ಸೀಟಿನ ಹೊರ ಅಂಚು ಕುಸಿದು, ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಎತ್ತರದ ಏಣು ಕಟ್ಟಿದ್ದರೆ 28,000 ಎಂಬುದನ್ನು ನಂಬಬೇಡಿ. ಹಲವು ಕಾರುಗಳಲ್ಲಿ ಮೀಟರಲ್ಲದೆ ಬೇರೆ ಕಂಟ್ರೋಲ್ ಯೂನಿಟ್‌ಗಳಲ್ಲೂ (ಕಾರಿನೊಳಗಿನ ಪುಟ್ಟ ಕಂಪ್ಯೂಟರ್‌ಗಳು) ಕಿ.ಮೀ. ಉಳಿದಿರುತ್ತದೆ, ಅದನ್ನು ಓದುವ ಸ್ಕ್ಯಾನರ್ ಹಾಕಿಸಿ. ಅಂಕಿ ಹೊಂದದಿದ್ದರೆ ಚೌಕಾಸಿಗೂ ನಿಲ್ಲಬೇಡಿ.

ಪ್ರಶ್ನೆ: ಓಡಿಸದಿದ್ದರೂ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದರಂತೆ. ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಪೆಟ್ರೋಲ್ ಉರಿದಾಗ ಹುಟ್ಟಿದ ನೀರು ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳಿಯುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದು ಹೀಗೆ.

ಪ್ರಶ್ನೆ: ಆಯಿಲ್‌ಗೆ ಬೆರೆಸುವ ದ್ರವವನ್ನು ಒಂದು ಬಾಟಲಿ ಸುರಿದರೆ ಹೊಗೆ, ಸೋರಿಕೆ ಎರಡೂ ನಿಲ್ಲುತ್ತವಂತೆ. ನಿಜವೇ?

ಉತ್ತರ: ಆಯಿಲನ್ನು ಮಂದ ಮಾಡಿ ಹೊಗೆಯನ್ನು ಕೆಲವು ದಿನ ಮುಚ್ಚಿಡುವ ಮೋಸವಿದು, ಮಾರುವ ಮುನ್ನ ಮಾಡುವ ಕೆಲಸ. ದಯವಿಟ್ಟು ಇಂಥದ್ದಕ್ಕೆ ಹಣ ಕೊಡಬೇಡಿ.

ಪ್ರಶ್ನೆ: ಒಬ್ಬರೇ ಮಾಲೀಕರ ಕಾರು. ಹೆಚ್ಚು ಕೊಡಬಹುದೇ?

ಉತ್ತರ: ಬಿಲ್‌ಗಳಿದ್ದರೆ ಬಿಲ್‌ಗಳಿಗೆ ಕೊಡಿ, ಆ ಮಾತಿಗಲ್ಲ.

ಪ್ರಶ್ನೆ: ಡೀಸೆಲ್ ಕಾರಾದರೆ?

ಉತ್ತರ: ಡಿ.ಪಿ.ಎಫ್. (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರು ಹೀಗೆ ಗಿಡ್ಡ ಓಡಾಟದಲ್ಲೇ ಬದುಕಿದ್ದರೆ ಮಸಿ ಸುಡಲು ಬೇಕಾದ ಶಾಖವೇ ಸಿಕ್ಕಿರುವುದಿಲ್ಲ, ಫಿಲ್ಟರ್ ಕಟ್ಟಿರುತ್ತದೆ. ಸ್ಕ್ಯಾನರ್‌ನಲ್ಲಿ ಮಸಿಯ ಮಟ್ಟ ನೋಡದೆ ಮುಂಗಡ ಕೊಡಬೇಡಿ.