ಓದುಗರ ಪ್ರಶ್ನೆ: ಜಪಾನಿ ಪ್ರೇಮಕಥೆಯ ಚೆಲ್ಲು ಹುಡುಗ

ಪ್ರಶ್ನೆ: ಜಪಾನಿನ ಹೈಸ್ಕೂಲಿನಲ್ಲಿ ನಡೆಯುವ ಪ್ರೇಮಕಥೆ ಬರೆಯುತ್ತಿದ್ದೇನೆ. ನಾಯಕ ಕಂಡ ಹುಡುಗಿಯರನ್ನೆಲ್ಲ ಮಾತಾಡಿಸುವವನು. ಓದಿದವರು ‘ಇವನು ಕಾಟ ಕೊಡುವವನ ಹಾಗಿದ್ದಾನೆ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ?

ಉತ್ತರ: ಇಂಥವನಿಗೆ ಅಲ್ಲಿ ‘ಚರಾಓ’ ಎನ್ನುತ್ತಾರೆ. ‘ಚರಾಯ್’ ಅಂದರೆ ಹೆಚ್ಚುಕಡಿಮೆ ನಮ್ಮ ‘ಚೆಲ್ಲು’. ಬಣ್ಣದ ಕೂದಲು, ಸಡಿಲ ಟೈ, ಕಿವಿಯಲ್ಲೊಂದು ಓಲೆ ಬರೆದರೆ ಅದು ವೇಷ ಮಾತ್ರ. (ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಕೂದಲಿಗೆ ಬಣ್ಣ ಹಾಕುವಂತಿಲ್ಲ. ನಿಮ್ಮ ನಾಯಕ ಹಾಕಿಸಿಕೊಂಡಿದ್ದರೆ ಒಬ್ಬ ಮೇಷ್ಟ್ರಾದರೂ ಗದರಲೇಬೇಕು.) ಅವನ ಚೆಲ್ಲುತನ ಇರುವುದು ಹೆಸರು ಹಿಡಿದು ಕರೆಯುವ ರೀತಿಯಲ್ಲಿ.

ಅಷ್ಟೇನೂ ಸಲಿಗೆಯಿಲ್ಲದ ಸಹಪಾಠಿಯನ್ನು ಮನೆತನದ ಹೆಸರಿಗೆ ‘ಸಾನ್’ ಸೇರಿಸಿ ಕರೆಯುವುದು ವಾಡಿಕೆ. ಚರಾಓ ಮೊದಲ ದಿನವೇ ಹುಡುಗಿಯ ಸ್ವಂತ ಹೆಸರಿಗೆ ಸಲಿಗೆಯ ‘ಚಾನ್’ ಅಂಟಿಸಿಬಿಡುತ್ತಾನೆ, ಅದೂ ಎಲ್ಲರಿಗೂ. ಹೊಸಬರು ಎಡವುವುದು ಇಲ್ಲೇ. ನಾಯಕಿಗೂ ಅದೇ ‘ಚಾನ್’, ಜೊತೆಗೆ ಇನ್ನೆರಡು ಚಮಚ ಸಕ್ಕರೆ. ಹಾಗೆ ಮಾಡಿದರೆ ಅವಳು ಗುಂಪಿನಲ್ಲೊಬ್ಬಳಾಗುತ್ತಾಳೆ. ಉಲ್ಟಾ ಮಾಡಿ ನೋಡಿ. ನಾಯಕಿ ಸಾತೋ ಮಿಸಾಕಿ ಎಂದುಕೊಳ್ಳಿ. ಇಡೀ ತರಗತಿಗೆ ‘ಚಾನ್’ ಹಂಚುವವನು ಅವಳೊಬ್ಬಳಿಗೆ ‘ಸಾತೋ-ಸಾನ್’ ಅನ್ನಲಿ. ಅವನಿಗೇ ತಿಳಿಯದ ಅಳುಕು ಅದು, ಓದುಗರಿಗೆ ಮೊದಲು ತಿಳಿಯುತ್ತದೆ. ಏನೂ ಸೇರಿಸದೆ ಬರೀ ‘ಮಿಸಾಕಿ’ ಅನ್ನುವುದಕ್ಕೆ ‘ಯೋಬಿಸುತೆ’ ಎನ್ನುತ್ತಾರೆ. ಆ ಮೊದಲ ಕರೆಯನ್ನು ಒಂದೇ ಸಲ, ತಕ್ಕ ಜಾಗದಲ್ಲಿ ಖರ್ಚು ಮಾಡಿ. ಕನ್ನಡದಲ್ಲಿ ಇದನ್ನು ‘ನೀವು’ ಹೋಗಿ ‘ನೀನು’ ಬಂತು ಎಂದು ತೋರಿಸಲು ಹೋಗಬೇಡಿ. ಸಹಪಾಠಿಗಳು ನಮ್ಮ ಕಿವಿಗೆ ಮೊದಲಿಂದಲೂ ‘ನೀನು’ ಎಂದೇ ಕೇಳಿಸುತ್ತಾರೆ. ‘ಸಾನ್’, ‘ಚಾನ್’ ಹಾಗೇ ಇರಲಿ.

ಇನ್ನು ಕಾಟ ಅನ್ನಿಸುವುದು ಮಾತಿನ ಸಲಿಗೆಯಿಂದಲ್ಲ, ಹುಡುಗಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲದಿರುವುದರಿಂದ. ಗೋಡೆಗೆ ಒರಗಿದವಳ ಪಕ್ಕ ಧಡ್ಡೆಂದು ಕೈ ಊರುವ ‘ಕಬೆದೋನ್’ 2014ರಲ್ಲಿ ಜಪಾನಿನ ವರ್ಷದ ಹತ್ತು ಜನಪ್ರಿಯ ಪದಗಳ ಪಟ್ಟಿಗೇ ಸೇರಿತ್ತು. ಪುಟದ ಮೇಲೆ ಅದು ಸಲೀಸಾಗಿ ಬೆದರಿಕೆಯಾಗುತ್ತದೆ. ಬೇಕೇ ಬೇಕೆಂದರೆ ಒಂದೇ ಕೈ ಗೋಡೆಗಿರಲಿ, ಇನ್ನೊಂದು ಬದಿ ಖಾಲಿ ಬಿಡಿ, ಅವಳ ಮುಖದಲ್ಲಿ ಏನಾಯಿತೆಂದು ಮೊದಲು ಬರೆಯಿರಿ. ಅವಳು ‘ಬೇಡ’ ಅಂದರೆ ಮುಂದಿನ ಸಾಲಿನಲ್ಲೇ ಅವನು ಹಿಂದೆ ಸರಿಯಬೇಕು. ನಾಲ್ಕು ಸಾಲು ತಡವಾದರೂ ಓದುಗರು ಅವನನ್ನು ಕ್ಷಮಿಸುವುದಿಲ್ಲ.

ಅವನ ಇನ್ನೊಂದು ಮುಖ ತೋರಿಸಲು ‘ನಿಚ್ಚೊಕು’ ಒಳ್ಳೆಯ ಅವಕಾಶ. ಸರದಿಯಂತೆ ಬರುವ ದಿನದ ಕೆಲಸ ಅದು. ಅನೇಕ ಕಡೆ ಇಬ್ಬರು ಸೇರಿ ಕಪ್ಪುಹಲಗೆ ಒರೆಸಿ, ತರಗತಿಯ ದಿನಚರಿ ಬರೆದು ಮೇಷ್ಟ್ರಿಗೆ ಒಪ್ಪಿಸುತ್ತಾರೆ. ಎಲ್ಲರೂ ಹೋದಮೇಲೆ ಖಾಲಿ ಕೋಣೆ. ಕೇಳುವವರಿಲ್ಲದ ಕಾರಣ ಅವನ ಮಾತೂ ನಿಂತಿದೆ. ದಿನಚರಿಯಲ್ಲಿ ಅವನ ಅಕ್ಷರ ಇಷ್ಟು ದುಂಡಗಿದೆಯೆಂದು ಮಿಸಾಕಿಗೆ ಆವತ್ತೇ ಗೊತ್ತಾಗುವುದು. ಅವನು ಸೀಮೆಸುಣ್ಣದ ಧೂಳು ಕೊಡವಿ, ‘ಸಾತೋ-ಸಾನ್, ಕೊನೇ ಸಾಲು ನೀನೇ ಬರಿ’ ಎಂದು ಪುಸ್ತಕ ಅವಳತ್ತ ತಿರುಗಿಸುತ್ತಾನೆ. ಅಷ್ಟು ಸಾಕು.

ಪ್ರಶ್ನೆ: ನಮ್ಮ ಹುಡುಗ ದಿನಕ್ಕೆ ಹತ್ತು ಸಲ ‘ಸುಕಿ’ ಅನ್ನುತ್ತಾನೆ. ನಿಜವಾದ ಪ್ರೇಮ ನಿವೇದನೆ ಬೇರೆಯಾಗಿ ಕೇಳಿಸುವುದು ಹೇಗೆ?

ಉತ್ತರ: ‘ಸುಕಿ’ ಅಂದರೆ ಇಷ್ಟ. ತಿಂಡಿಗೂ ಹಾಡಿಗೂ ಸಲ್ಲುವ ಮಾತಾದ್ದರಿಂದ ಚರಾಓ ಅದರ ಹಿಂದೆ ಅಡಗಿಕೊಳ್ಳಬಹುದು. ನಿವೇದನೆಗೆ, ಅಂದರೆ ‘ಕೊಕುಹಕು’ಗೆ, ಇನ್ನೊಂದು ವಾಕ್ಯ ಬೇಕು: ‘ತ್ಸುಕಿಯತ್ತೆ ಕುದಸಾಯ್’, ನನ್ನ ಜೊತೆ ಜೋಡಿಯಾಗಿರು ಎಂಬ ಕೋರಿಕೆ. ಇದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಕೊಡಲೇಬೇಕು, ಹಾಗಾಗಿ ಇದು ಬಾಯಿಗೆ ಬಂದರೆ ಅವನಿಗೆ ಅಡಗಲು ಜಾಗವಿಲ್ಲ. ಕಥೆಯುದ್ದಕ್ಕೂ ಈ ವಾಕ್ಯವನ್ನು ತಮಾಷೆಗೂ ಆಡಿಸಬೇಡಿ. ಗೆಳೆಯರ ಜೊತೆ ಒರಟಾಗಿ ಮಾತಾಡುವವನು ಇಲ್ಲಿ ‘ಸುಕಿ’ಗೆ ‘ದೆಸು’ ಹಚ್ಚಿ ಮರ್ಯಾದೆಯ ಮಾತಿಗೆ ಬರುತ್ತಾನೆ, ಆ ಬದಲಾವಣೆಯೇ ಎದೆಗೆ ತಾಗುವುದು. ‘ಐಶಿತೆರು’, ಅಂದರೆ ‘ನಿನ್ನನ್ನು ಪ್ರೀತಿಸುತ್ತೇನೆ’, ಬೇಡ. ಹದಿನೇಳರ ಬಾಯಿಗೆ ಅದು ತೀರಾ ಭಾರ.

ಪ್ರಶ್ನೆ: ನಾಯಕ ಮೂರನೇ ವರ್ಷದಲ್ಲಿದ್ದಾನೆ. ಫೆಬ್ರವರಿ 14ರಂದು ಅವನ ಮೇಜಿನ ತುಂಬ ಚಾಕೊಲೇಟ್, ಮಾರ್ಚ್ 14ರ ‘ವೈಟ್ ಡೇ’ಗೆ ತರಗತಿಯಲ್ಲಿ ಮರುಉಡುಗೊರೆ. ಸರಿಯೇ?

ಉತ್ತರ: ದಿನಾಂಕ ಕೈಕೊಡುತ್ತದೆ. ಶಾಲಾ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕೊನೆಯ ವರ್ಷದವರಿಗೆ ಜನವರಿ ಮಧ್ಯದಲ್ಲಿ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ಅದಾದಮೇಲೆ ಅನೇಕ ಶಾಲೆಗಳಲ್ಲಿ ಅವರು ನಿತ್ಯ ಬರಬೇಕಾಗಿಲ್ಲ. ಹೈಸ್ಕೂಲಿನ ಬೀಳ್ಕೊಡುಗೆ ಬಹುತೇಕ ಮಾರ್ಚ್ ಮೊದಲ ದಿನಗಳಲ್ಲೇ ಮುಗಿದಿರುತ್ತದೆ, ವೈಟ್ ಡೇ ಹೊತ್ತಿಗೆ ಅವನು ತರಗತಿಯಲ್ಲೇ ಇರುವುದಿಲ್ಲ. ಅವನನ್ನು ಎರಡನೇ ವರ್ಷಕ್ಕೆ ಇಳಿಸಿಬಿಡಿ. ಶಾಲಾ ಪ್ರವಾಸವೂ ಹೆಚ್ಚಾಗಿ ಅದೇ ವರ್ಷ ಬರುತ್ತದೆ. ಮೇಜಿನ ಮೇಲಿನ ರಾಶಿಯೆಲ್ಲ ‘ಗಿರಿ’, ಅಂದರೆ ಲೋಕಾರೂಢಿಯ ಚಾಕೊಲೇಟ್ ಆಗಿರಲಿ. ಮನಸಾರೆ ಕೊಡುವ ‘ಹೊನ್‌ಮೆಯ್’ ಒಂದೂ ಬಾರದೆ, ಅವನು ಅದನ್ನು ಮನೆಗೆ ಹೋಗುವಾಗ ಎಣಿಸಿ ನೋಡಿಕೊಳ್ಳಲಿ.

ಪ್ರಶ್ನೆ: ಎರಡನೇ ಗುಂಡಿ ಕೇಳುವುದು ಬ್ಲೇಜರ್ ಸಮವಸ್ತ್ರಕ್ಕೂ ಹೊಂದುತ್ತದೆಯೇ?

ಉತ್ತರ: ಆ ರೂಢಿ ನಿಲುಗಾಲರಿನ ‘ಗಕುರಾನ್’ ಕೋಟಿನದು. ಮೇಲಿನಿಂದ ಎರಡನೆಯದು ಹೃದಯಕ್ಕೆ ಹತ್ತಿರ ಎಂಬ ಕಾರಣಕ್ಕೆ ಬೀಳ್ಕೊಡುಗೆಯ ದಿನ ಹುಡುಗಿಯರು ಅದನ್ನು ಮೆಚ್ಚಿದ ಹುಡುಗನಿಂದ ಕೇಳಿ ಪಡೆಯುತ್ತಾರೆ. ಬ್ಲೇಜರ್ ಆದರೆ ಟೈ ಕೊಡಿಸಿ. ಚರಾಓನ ಕೋಟಿನಿಂದ ಉಳಿದ ಗುಂಡಿಗಳೆಲ್ಲ ಹೋಗಿ, ಎರಡನೆಯದನ್ನು ಮಾತ್ರ ಅವನು ಬೆಳಗ್ಗೆಯೇ ಕಿತ್ತು ಜೇಬಿಗೆ ಹಾಕಿಕೊಂಡಿರಬಹುದು.