ಪ್ಲಾಂಟೆಡ್ ಟ್ಯಾಂಕ್ ಸೆಟ್ ಮಾಡಿ ಮೂರು ದಿನ ಆಯ್ತು, ಮೀನು ಬಿಡಬಹುದಾ?

ನೀವು ಬರೆದಿರುವುದು ಇಷ್ಟು. ಎರಡಡಿ ಅಕ್ವೇರಿಯಂ ಟ್ಯಾಂಕ್, ತಳಕ್ಕೆ ಆಕ್ವಾ ಸಾಯಿಲ್ (ನೀರೊಳಗಿನ ಗಿಡಕ್ಕೆಂದೇ ಮಾಡಿದ ಗೊಬ್ಬರದ ಮಣ್ಣು), ಗಾಜಿಗೆ ತೂಗುಹಾಕುವ ಒಂದು ಹ್ಯಾಂಗ್ ಆನ್ ಫಿಲ್ಟರ್, ಗಿಡ ನೆಟ್ಟು ಮೂರು ದಿನ. ನೀರು ತಿಳಿಯಾಗಿದೆ. ಅಂಗಡಿಯವರು ನಾಳೆಯೇ ಹನ್ನೆರಡು ನಿಯಾನ್ ಟೆಟ್ರಾ ಮೀನು ಬಿಡಿ ಎನ್ನುತ್ತಾರೆ. ಒಬ್ಬ ಸ್ನೇಹಿತರು ಆರು ವಾರ ಸೈಕ್ಲಿಂಗ್ (ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ಬೆಳೆಯುವವರೆಗೆ ಕಾಯುವುದು) ಆಗಲಿ ಎನ್ನುತ್ತಾರೆ, ಇನ್ನೊಬ್ಬರು ಗಿಡ ಇದ್ದರೆ ಸೈಕ್ಲಿಂಗ್ ಬೇಕೇ ಇಲ್ಲ ಎನ್ನುತ್ತಾರೆ. ಯಾರ ಮಾತು ಕೇಳೋದು ಅಂತ ನಿಮ್ಮ ಪ್ರಶ್ನೆ.

ದಯವಿಟ್ಟು ನಾಳೆ ಬಿಡಬೇಡಿ. ಉಳಿದದ್ದನ್ನು ಆಮೇಲೆ ನೋಡೋಣ.

2016ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ಮೊದಲ ಟ್ಯಾಂಕ್ ಇಟ್ಟಾಗ ನನಗೂ ಇದೇ ಮಾತು ಹೇಳಿದ್ದರು. ನಾಲ್ಕನೇ ದಿನ ಹತ್ತು ನಿಯಾನ್ ತಂದು ಬಿಟ್ಟೆ. ಒಂದು ವಾರ ಚೆನ್ನಾಗಿಯೇ ಇದ್ದವು. ಆಮೇಲೆ ಒಂದು ಬೆಳಿಗ್ಗೆ ಎಲ್ಲವೂ ಮೇಲ್ಗಡೆ ಬಂದು ಬಾಯಿ ಬಿಡುತ್ತಿದ್ದವು, ಕಿವಿರು ಜೋರಾಗಿ ಬಡಿದುಕೊಳ್ಳುತ್ತಿತ್ತು. ಮೂರು ದಿನದಲ್ಲಿ ಏಳು ಹೋದವು. ಅವು ಸಾಯುವಾಗಲೂ ನೀರು ಇಂದು ನಿಮ್ಮದು ಎಷ್ಟು ತಿಳಿಯಾಗಿದೆಯೋ ಅಷ್ಟೇ ತಿಳಿಯಾಗಿತ್ತು. ಆ ನೋವು ಇನ್ನೂ ಹೋಗಿಲ್ಲ, ಹಾಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟೇ. ಮೀನು ಉಸಿರಾಡುವಾಗಲೇ ಕಿವಿರಿನಿಂದ ಅಮೋನಿಯಾ ಬಿಡುತ್ತಿರುತ್ತದೆ. ಕೊಳೆತ ಎಲೆ, ಉಳಿದ ಆಹಾರ, ಮೀನಿನ ಗಲೀಜು, ಇವೂ ಕೊನೆಗೆ ಅಮೋನಿಯಾ ಆಗುತ್ತವೆ. ಹೊಳೆಯಲ್ಲಾದರೆ ಅದು ಹರಿದು ಹೋಗುತ್ತದೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ಕಿವಿರು ಸುಡುತ್ತದೆ. ನೈಟ್ರೈಟ್ ರಕ್ತಕ್ಕೆ ಸೇರಿ ಆಮ್ಲಜನಕ ಹೊರಲು ಬಿಡುವುದಿಲ್ಲ, ನೀರಿನಲ್ಲಿ ಗಾಳಿ ಇದ್ದರೂ ಮೀನಿಗೆ ಉಸಿರು ಕಟ್ಟುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ತೊಂದರೆ ಇಲ್ಲ, ಗಿಡಕ್ಕೆ ಅದು ಗೊಬ್ಬರ. ಈ ಮೂರಕ್ಕೂ ಬಣ್ಣ ಇಲ್ಲ. ಬರಿಗಣ್ಣಿಗೆ ಕಾಣುವುದೇ ಇಲ್ಲ.

ಎರಡನೇ ಕೆಲಸ ಮಾಡುವುದು ನೈಟ್ರೊಬ್ಯಾಕ್ಟರ್ ಅಂತ ಹಳೇ ಪುಸ್ತಕಗಳಲ್ಲಿ ಇರುತ್ತದೆ. 1998ರಲ್ಲಿ ಅಕ್ವೇರಿಯಂ ಫಿಲ್ಟರ್‌ಗಳನ್ನೇ ಪರೀಕ್ಷೆ ಮಾಡಿದಾಗ ಅಲ್ಲಿ ಸಿಕ್ಕಿದ್ದು ನೈಟ್ರೊಸ್ಪೈರಾ. 2015ರಲ್ಲಿ ಇನ್ನೂ ಚೆಂದದ ವಿಷಯ ಗೊತ್ತಾಯಿತು: ಅಮೋನಿಯಾದಿಂದ ನೈಟ್ರೇಟ್‌ವರೆಗೆ ಎರಡೂ ಕೆಲಸವನ್ನು ಒಬ್ಬಂಟಿಯಾಗಿ ಮಾಡುವ ನೈಟ್ರೊಸ್ಪೈರಾ ಕೂಡ ಇವೆ, ಮತ್ತು ಅಂಥವು ಸಿಕ್ಕಿದ ಜಾಗಗಳಲ್ಲಿ ಮೀನು ಸಾಕಣೆಯ ಫಿಲ್ಟರ್ ಕೂಡ ಒಂದು. ನಮ್ಮ ಹವ್ಯಾಸದ ಸ್ಪಂಜಿನೊಳಗೆ ಇಷ್ಟೆಲ್ಲ ನಡೆಯುತ್ತದೆ ಅನ್ನೋದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಇವುಗಳ ತೊಂದರೆ ಒಂದೇ, ನಿಧಾನ. ಹಾಲಿಗೆ ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು ಸಿಗುತ್ತದೆ, ಆ ಬ್ಯಾಕ್ಟೀರಿಯಾ ಅಷ್ಟು ಬೇಗ ಹೆಚ್ಚುತ್ತವೆ. ಇವು ಒಂದು ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ವಾರಗಟ್ಟಲೆ ಕಾಯಬೇಕಾಗುತ್ತದೆ. ಆದರೆ ಹೆಪ್ಪಿನ ಉಪಾಯ ಇಲ್ಲೂ ನಡೆಯುತ್ತದೆ. ಒಂದೆರಡು ವರ್ಷದಿಂದ ಆರೋಗ್ಯವಾಗಿ ನಡೆಯುತ್ತಿರುವ ಟ್ಯಾಂಕ್ ಯಾರ ಮನೆಯಲ್ಲಾದರೂ ಇದ್ದರೆ ಅವರ ಫಿಲ್ಟರ್ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ, ಒಣಗಲು ಬಿಡದೆ, ಆದಷ್ಟು ಬೇಗ ನಿಮ್ಮ ಫಿಲ್ಟರ್‌ನೊಳಗೆ ಇಡಿ. ಬರೀ ಹಳೇ ನೀರು ತಂದು ಸುರಿದರೆ ಉಪಯೋಗ ಇಲ್ಲ, ಈ ಬ್ಯಾಕ್ಟೀರಿಯಾ ಇರುವುದು ಸ್ಪಂಜು, ಕಲ್ಲು, ಮಣ್ಣಿಗೆ ಅಂಟಿಕೊಂಡು, ನೀರಿನಲ್ಲಿ ತೇಲಿಕೊಂಡಲ್ಲ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿರುವ ಟ್ಯಾಂಕಿನಿಂದ ಮಾತ್ರ ತರಬೇಡಿ. ಬಾಟಲಿ ಬ್ಯಾಕ್ಟೀರಿಯಾ ಬಗ್ಗೆ ನನ್ನ ಅಭಿಪ್ರಾಯ: ಕೆಲವು ಕೆಲಸ ಮಾಡುತ್ತವೆ, ಕೆಲವು ಇಲ್ಲ, ಅಂಗಡಿಯ ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟಲಿಯನ್ನಂತೂ ನಾನು ನಂಬುವುದಿಲ್ಲ.

ಈಗ ಗಿಡದ ವಿಷಯ, ಇದು ಮುಖ್ಯ. ಗಿಡ ಇದ್ದರೆ ಸೈಕ್ಲಿಂಗ್ ಬೇಡ ಎಂದವರ ಮಾತು ಪೂರ್ತಿ ಸುಳ್ಳಲ್ಲ. ನೀರೊಳಗಿನ ಎಷ್ಟೋ ಗಿಡಗಳಿಗೆ ನೈಟ್ರೇಟ್‌ಗಿಂತ ಅಮೋನಿಯಮ್ಮೇ (ನೀರಿನಲ್ಲಿ ಅಮೋನಿಯಾ ತಾಳುವ ಇನ್ನೊಂದು ರೂಪ) ಇಷ್ಟ. ಬ್ಯಾಕ್ಟೀರಿಯಾ ಕೈಗೆ ಸಿಗುವ ಮೊದಲೇ ಅವು ಹೀರಿಬಿಡುತ್ತವೆ. ಟ್ಯಾಂಕ್ ತುಂಬಾ ಹಾರ್ನ್‌ವರ್ಟ್, ವಾಟರ್ ಸ್ಪ್ರೈಟ್, ಹೈಗ್ರೋಫಿಲಾ, ವ್ಯಾಲಿಸ್ನೇರಿಯಾ ತರಹದ ಬೇಗ ಬೆಳೆಯುವ ಗಿಡ ಇದ್ದು, ಅವು ನಿಜವಾಗಿಯೂ ಬೆಳೆಯುತ್ತಿದ್ದರೆ, ಅಮೋನಿಯಾ ಏರುವುದೇ ಇಲ್ಲ. ಆದರೆ ಮೂರು ದಿನದ ಗಿಡ ಬೆಳೆಯುತ್ತಿರುವುದಿಲ್ಲ, ಬದುಕಲು ಒದ್ದಾಡುತ್ತಿರುತ್ತದೆ. ನರ್ಸರಿಯಲ್ಲಿ ಇವುಗಳಲ್ಲಿ ಬಹಳಷ್ಟನ್ನು ನೀರಿನ ಮೇಲೆ, ಒದ್ದೆ ಗಾಳಿಯಲ್ಲಿ ಬೆಳೆಸಿರುತ್ತಾರೆ. ನೀರೊಳಗೆ ಹಾಕಿದ ಮೇಲೆ ಹಳೇ ಎಲೆ ಕರಗಿ ಹೊಸ ಎಲೆ ಬರಬೇಕು. ಕ್ರಿಪ್ಟೊಕೊರೈನ್ ನೆಟ್ಟಿದ್ದರೆ ಎರಡನೇ ವಾರ ಎಲೆಯೆಲ್ಲ ಲೋಳೆಯಾಗಿ ನಿಮಗೆ ಅಳು ಬರಬಹುದು, ಕಿತ್ತು ಹಾಕಬೇಡಿ, ಬೇರಿನಿಂದ ಮತ್ತೆ ಚಿಗುರುತ್ತದೆ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಇರುವುದೇ ಹೀಗೆ, ಮಳೆಗಾಲದಲ್ಲಿ ನೀರೊಳಗೆ, ನೀರು ಇಳಿದ ಮೇಲೆ ಬಯಲಲ್ಲಿ. (ಹಾಗಂತ ಹಳ್ಳಕ್ಕೆ ಹೋಗಿ ಕಿತ್ತು ತರಬೇಡಿ, ಅಲ್ಲಿಯೇ ಇರಲಿ.) ಅಂದರೆ ಮೊದಲ ಎರಡು ಮೂರು ವಾರ ನಿಮ್ಮ ಗಿಡ ಅಮೋನಿಯಾ ತಿನ್ನುವ ಬದಲು ತಾನೇ ಕೊಳೆತು ಅಮೋನಿಯಾ ಕೊಡಬಹುದು. ಕರಗಿದ ಎಲೆಗಳನ್ನು ದಿನಾ ಕತ್ತರಿಸಿ ತೆಗೆಯಿರಿ. ಅನುಬಿಯಾಸ್, ಜಾವಾ ಫರ್ನ್ ಮಾತ್ರ ಇದ್ದರೆ ಗಿಡದ ಮೇಲೆ ಲೆಕ್ಕ ಇಡಲೇಬೇಡಿ, ಅವು ತಿಂಗಳಿಗೆ ಒಂದೋ ಎರಡೋ ಎಲೆ ಬಿಡುವ ಗಿಡಗಳು.

ಇನ್ನೊಂದು, ನೀವು ಹಾಕಿರುವುದು ಆಕ್ವಾ ಸಾಯಿಲ್. ಹೊಸ ಸಾಯಿಲ್ ತಾನಾಗಿಯೇ ಕೆಲವು ವಾರ ಅಮೋನಿಯಾ ಬಿಡುತ್ತದೆ. ಹಾಗಾಗಿ ನೀವು ಸದ್ಯಕ್ಕೆ ಹೊರಗಿನಿಂದ ಏನೂ ಹಾಕಬೇಕಾಗಿಲ್ಲ, ಬ್ಯಾಕ್ಟೀರಿಯಾಗೆ ಊಟ ಅಲ್ಲೇ ಇದೆ. ಎರಡು ದಿನಕ್ಕೊಮ್ಮೆ ಅಮೋನಿಯಾ ಅಳೆಯಿರಿ. 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ) ದಾಟಿದರೆ ಅರ್ಧ ನೀರು ಬದಲಿಸಿ, ಅತಿಯಾದರೆ ಬ್ಯಾಕ್ಟೀರಿಯಾಗೂ ಗಿಡಕ್ಕೂ ಒಳ್ಳೆಯದಲ್ಲ. ನೀರು ಬದಲಿಸಿದರೆ ಸೈಕಲ್ ಹಾಳಾಗುತ್ತದೆ ಎಂಬ ಭಯ ಬೇಡ, ಬ್ಯಾಕ್ಟೀರಿಯಾ ನೀರಿನಲ್ಲಿ ಇರುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

ಬರೀ ಜಲ್ಲಿ ಅಥವಾ ಮರಳು ಹಾಕಿರುವವರು ಇದನ್ನು ಓದುತ್ತಿದ್ದರೆ, ನಿಮಗೆ ಅಮೋನಿಯಂ ಕ್ಲೋರೈಡ್ ಬೇಕು. ಪಾತ್ರೆಗೆ ಕಲಾಯಿ ಹಾಕುವವರು ಉಪಯೋಗಿಸುತ್ತಿದ್ದ ನವಸಾಗರ ಇದೇ, ಆದರೆ ಅದನ್ನಲ್ಲ, ಲ್ಯಾಬ್ ಸಾಮಾನು ಮಾರುವಲ್ಲಿ ಶುದ್ಧವಾದದ್ದು ಕೊಳ್ಳಿ. ಎರಡಡಿ, ಒಂದಡಿ, ಒಂದಡಿ ಟ್ಯಾಂಕಿಗೆ ಲೆಕ್ಕಕ್ಕೆ 56 ಲೀಟರ್, ಮಣ್ಣು ಕಲ್ಲು ಕಳೆದರೆ ಸುಮಾರು 45 ಲೀಟರ್ ನೀರು. ಅದಕ್ಕೆ 0.3 ಗ್ರಾಂ ಹಾಕಿದರೆ 2 ಪಿಪಿಎಂ ಹತ್ತಿರ ಬರುತ್ತದೆ. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇಲ್ಲದಿದ್ದರೆ 3 ಗ್ರಾಂ ಅನ್ನು 100 ಮಿಲಿ ನೀರಿನಲ್ಲಿ ಕರಗಿಸಿಟ್ಟುಕೊಂಡು 10 ಮಿಲಿ ಹಾಕಿ, ಅಷ್ಟೇ ಆಗುತ್ತದೆ. ಮೀನಿನ ಆಹಾರ ಚಿಟಿಕೆ ಚಿಟಿಕೆ ಹಾಕಿಯೂ ಮಾಡುತ್ತಾರೆ, ಅದರಲ್ಲಿ ಅಳತೆ ಸಿಗುವುದಿಲ್ಲ, ಬೂಷ್ಟು ಬೇರೆ ಬರುತ್ತದೆ. ಅಗ್ಗದ ಮೋಲಿ, ಡ್ಯಾನಿಯೊ ತಂದು ಅವುಗಳಿಂದಲೇ ಸೈಕ್ಲಿಂಗ್ ಮಾಡಿಸಿ ಎನ್ನುವ ಸಲಹೆಯೂ ಸಿಗುತ್ತದೆ. ನಾನು ಇದನ್ನು ಒಪ್ಪುವುದೇ ಇಲ್ಲ. ಇಪ್ಪತ್ತು ರೂಪಾಯಿಯ ಮೀನಿನ ಕಿವಿರೂ ಅಷ್ಟೇ ಉರಿಯುತ್ತದೆ. ಅದೇ ಕೆಲಸ ಒಂದು ಚಿಟಿಕೆ ಉಪ್ಪಿನಂಥ ಪುಡಿಯಿಂದ ಆಗುವಾಗ ಒಂದು ಜೀವವನ್ನು ಯಾಕೆ ಹಿಂಸೆ ಮಾಡಬೇಕು?

ನೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ದಿನ ಕಾವೇರಿ ನೀರು, ಒಂದು ದಿನ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಮೂರೂ ಬೇರೆ ಬೇರೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ನೇರವಾಗಿ ಈ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದ್ದರಿಂದ ಹೊಸ ನೀರಿಗೆ ಪ್ರತಿ ಸಲ ಆಂಟಿ ಕ್ಲೋರಿನ್ ಹಾಕಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲಿಯೇ ಹಿಂಡಿ. ಬೋರ್ ನೀರು ಗಡಸು, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಕೂಡ ಜಾಸ್ತಿ ಇರಬಹುದು. ಪಿಎಚ್ ಏರಿದಷ್ಟೂ ಅಮೋನಿಯಾ ವಿಷವಾಗುತ್ತದೆ: 25 ಡಿಗ್ರಿ ಶಾಖದಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ 1 ಭಾಗವೂ ಇಲ್ಲ, ಪಿಎಚ್ 8ಕ್ಕೆ ಅದು ನೂರಕ್ಕೆ 5ರ ಮೇಲೆ ಹೋಗುತ್ತದೆ. ಸಾಯಿಲ್ ಪಿಎಚ್ ಇಳಿಸಿಟ್ಟಿರುವ ಟ್ಯಾಂಕಿಗೆ ಒಮ್ಮೆಲೇ ಬೋರ್ ನೀರು ಸುರಿದರೆ, ಅಷ್ಟೊತ್ತು ಸುಮ್ನೆ ಇದ್ದ ಅಮೋನಿಯಾ ಅರ್ಧ ಗಂಟೆಯಲ್ಲಿ ಕಚ್ಚಲು ಶುರು ಮಾಡುತ್ತದೆ.

ಹಾಗಾದರೆ ಆರ್‌ಒ ನೀರೇ ವಾಸಿ ಎಂದು ಪೂರ್ತಿ ಅದನ್ನೇ ತುಂಬಿಸಿದರೆ ಬೇರೆ ಕಷ್ಟ. ಈ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ನೀರಿನ ಕಾರ್ಬೊನೇಟ್ ಖರ್ಚು ಮಾಡುತ್ತವೆ, ಅದನ್ನೇ ಕೆಎಚ್ ಅಂತ ಅಳೆಯುವುದು. ಆರ್‌ಒ ನೀರಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದು ಖಾಲಿಯಾಗಿ ಪಿಎಚ್ ಕುಸಿದು 6ರ ಹತ್ತಿರ ಬಂದರೆ ಬ್ಯಾಕ್ಟೀರಿಯಾದ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನನ್ನ ಎರಡನೇ ಟ್ಯಾಂಕ್ ಐದು ವಾರ ಕದಲದೆ ನಿಂತಿದ್ದು ಇದೇ ಕಾರಣಕ್ಕೆ, ಮೂರನೇ ಒಂದು ಭಾಗ ನಲ್ಲಿ ನೀರು ಬೆರೆಸಿದ ಮೇಲೆ ಸರಿಹೋಯಿತು.

ಇವನ್ನೆಲ್ಲ ಅಳೆಯಲು ನೀರು ಪರೀಕ್ಷೆಯ ಕಿಟ್ ಕೊಳ್ಳಿ, ಹನಿ ಹಾಕುವ ದ್ರವದ ಕಿಟ್. ಎರಡು ಗಿಡದ ದುಡ್ಡು ಉಳಿಸಿಯಾದರೂ ಕೊಳ್ಳಿ. ನೈಟ್ರೇಟ್‌ನ ಎರಡನೇ ಬಾಟಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು, ಇಲ್ಲದಿದ್ದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಮೊದಲು ನಿಮ್ಮ ನಲ್ಲಿ ನೀರನ್ನೇ ಅಳೆಯಿರಿ. ಬೆಂಗಳೂರಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಇರುತ್ತದೆ. ನೈಟ್ರೇಟ್ ಕಂಡಿತು, ಸೈಕಲ್ ಮುಗಿಯಿತು ಅಂತ ಖುಷಿಪಟ್ಟು ಮೀನು ತಂದವರನ್ನು ನೋಡಿದ್ದೇನೆ, ಆ ನೈಟ್ರೇಟ್ ಬಂದಿದ್ದು ನಲ್ಲಿಯಿಂದ. ಗಿಡ ಚೆನ್ನಾಗಿರುವ ಟ್ಯಾಂಕಿನಲ್ಲಿ ಇದರ ತಿರುಗುಮುರುಗು ಆಗುತ್ತದೆ, ಸೈಕಲ್ ಮುಗಿದರೂ ನೈಟ್ರೇಟ್ ಸೊನ್ನೆಯೇ ಇರುತ್ತದೆ, ಗಿಡ ಅದನ್ನೂ ತಿಂದಿರುತ್ತದೆ. ಹಾಗಾಗಿ ಪ್ಲಾಂಟೆಡ್ ಟ್ಯಾಂಕಿನಲ್ಲಿ ನೈಟ್ರೇಟ್ ಸಾಕ್ಷಿಯನ್ನು ನಾನು ಕೇಳುವುದಿಲ್ಲ.

ನಾನು ಕೇಳುವ ಸಾಕ್ಷಿ ಬೇರೆ. ಸಾಯಿಲ್ ಅಮೋನಿಯಾ ಬಿಡುವುದು ನಿಂತು, ಒಂದು ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರಲಿ, ಗಿಡದಲ್ಲಿ ಹೊಸ ಎಲೆ ಕಾಣಲಿ. ಆಮೇಲೆ ಬೇಕೆಂದೇ ಒಂದು ಸಲ, ಮೇಲೆ ಹೇಳಿದ ಅಮೋನಿಯಂ ಕ್ಲೋರೈಡ್‌ನಿಂದ, 2 ಪಿಪಿಎಂ ಅಮೋನಿಯಾ ಹಾಕಿ. ಸರಿಯಾಗಿ 24 ಗಂಟೆ ಬಿಟ್ಟು ಅಳೆಯಿರಿ. ಎರಡೂ ಮತ್ತೆ ಸೊನ್ನೆಗೆ ಬಂದಿದ್ದರೆ ನಿಮ್ಮ ಟ್ಯಾಂಕ್ ಮೀನಿಗೆ ಸಿದ್ಧ. ಅಮೋನಿಯಾ ಸೊನ್ನೆ, ನೈಟ್ರೈಟ್ ಇನ್ನೂ ಇದೆ ಎಂದರೆ ಅರ್ಧ ಕೆಲಸ ಆಗಿದೆ, ಎರಡನೇ ಜಾತಿಗೆ ಸಮಯ ಕೊಡಿ. ನನಗೆ ಸಾಯಿಲ್ ಹಾಕಿದ ಟ್ಯಾಂಕ್‌ಗಳಲ್ಲಿ ಇದು ಮೂರರಿಂದ ಐದು ವಾರ ಹಿಡಿದಿದೆ, ಸ್ಪಂಜಿನ ಹೆಪ್ಪು ಹಾಕಿದಾಗ ಎರಡು ವಾರದೊಳಗೆ ಮುಗಿದದ್ದೂ ಇದೆ.

ಈ ಮಧ್ಯೆ ನೀರು ಒಮ್ಮೆ ಹಾಲಿನಂತೆ ಬೆಳ್ಳಗಾಗಬಹುದು, ಗಾಜಿಗೆ ಕಂದು ಪುಡಿ ಹತ್ತಬಹುದು. ಎರಡೂ ತಾವಾಗಿಯೇ ಹೋಗುತ್ತವೆ, ಔಷಧಿ ಹಾಕಬೇಡಿ. ಲೈಟ್ ದಿನಕ್ಕೆ ಆರು ಗಂಟೆ ಸಾಕು. ಫಿಲ್ಟರ್ ಮಾತ್ರ ರಾತ್ರಿ ಹಗಲು ನಡೆಯಲಿ. ಕರೆಂಟ್ ಹೋಗಿ ಗಂಟೆಗಟ್ಟಲೆ ನಿಂತರೆ ಸ್ಪಂಜಿನೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾದ ಕೆಲಸ ನಿಲ್ಲುತ್ತದೆ, ಯುಪಿಎಸ್ ಇದ್ದರೆ ಆ ಸಾಕೆಟ್‌ಗೆ ಹಾಕಿ.

ಪರೀಕ್ಷೆ ಪಾಸಾದ ದಿನ ಅರ್ಧ ನೀರು ಬದಲಿಸಿ, ಮರುದಿನ ಆರು ನಿಯಾನ್ ತನ್ನಿ, ಹನ್ನೆರಡಲ್ಲ. ಅವು ಗುಂಪಿನ ಮೀನು, ಆರಕ್ಕಿಂತ ಕಡಿಮೆ ಬೇಡ. ಮೊದಲ ದಿನ ಊಟ ಹಾಕಬೇಡಿ. ಮೂರನೇ ದಿನ, ಏಳನೇ ದಿನ ಮತ್ತೆ ಅಳೆಯಿರಿ, ಸೊನ್ನೆ ಇದ್ದರೆ ಎರಡು ವಾರ ಬಿಟ್ಟು ಉಳಿದ ಆರು ತನ್ನಿ.

ಅಂದ ಹಾಗೆ, ನಿಮ್ಮ ಮನೆಗೆ ಬರುವುದು ಯಾವ ನೀರು ಅಂತ ನೀವು ಬರೆದಿಲ್ಲ. ನಲ್ಲಿ ನೀರಿನ ಪಿಎಚ್, ಕೆಎಚ್, ನೈಟ್ರೇಟ್ ಅಳೆದು ಹೇಳಿ, ಎಷ್ಟು ಬೆರೆಸಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.