ಬ್ಯಾಂಕು ಕೇಳದ ವಿಮೆ

ಕುಂದಾಪುರದ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ಬರೆದ ಪತ್ರದ ಸಾರಾಂಶ ಇದು. ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಸೇರಿದ ಲೀಗ್ ಸಿಟಿಯಲ್ಲಿ ಅವರ ಮಗಳು, ಅಳಿಯ ಮನೆ ಕೊಳ್ಳುತ್ತಿದ್ದಾರೆ. ನೆರೆ ನಕ್ಷೆಯಲ್ಲಿ ಆ ಮನೆ ‘ಎಕ್ಸ್’ ವಲಯದಲ್ಲಿದೆ, ಅಂದರೆ ಅಪಾಯ ಕಡಿಮೆಯೆಂದು ಗುರುತಿಸಿದ ಜಾಗದಲ್ಲಿ. ಹಾಗಾಗಿ ಸಾಲ ಕೊಡುವ ಬ್ಯಾಂಕು ನೆರೆ ವಿಮೆ ಕೇಳಿಲ್ಲ. ತಾವು ವಾಸವಿದ್ದ ಹದಿನೈದು ವರ್ಷಗಳಲ್ಲಿ ಹೊಸ್ತಿಲಿಗೆ ನೀರು ತಾಗಿಲ್ಲವೆಂದು ಮಾರುವವರು ಹೇಳಿದ್ದಾರೆ. “ಮನೆ ವಿಮೆ ಹೇಗೂ ಇದೆಯಲ್ಲ, ಇನ್ನೊಂದು ದಂಡ ಏಕೆ ಎಂದು ಅಳಿಯ. ಬೇಕೇ ಬೇಕು ಎಂದು ಮಗಳು. ನೆರೆ ಬಂದರೆ ಅಲ್ಲಿನ ಸರ್ಕಾರ ಪರಿಹಾರ ಕೊಡುವುದಿಲ್ಲವೇ? ನಾನು ಯಾರ ಪಕ್ಷ ವಹಿಸಲಿ?”

ಮಾನ್ಯರೇ,

ಮಗಳ ಪಕ್ಷ ವಹಿಸಿ. ಕಾರಣ ಕೇಳಿದ ಮೇಲೆ ಅಳಿಯಂದಿರೂ ಅದೇ ಪಕ್ಷಕ್ಕೆ ಬಂದಾರು.

‘ಮನೆ ವಿಮೆ ಹೇಗೂ ಇದೆ’ ಎಂಬ ಮಾತಿನಿಂದಲೇ ಹೊರಡೋಣ. ನಮ್ಮಲ್ಲಿ 2021ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬೆಂಕಿ, ಬಿರುಗಾಳಿ, ಭೂಕಂಪದ ಜೊತೆಗೆ ನೆರೆಯೂ ಸೇರಿದೆ. ಆ ಅಭ್ಯಾಸದಲ್ಲಿ ಅಮೆರಿಕದ ಪಾಲಿಸಿಯನ್ನು ಓದಿದರೆ ಕೆಟ್ಟೆವು. ಅಲ್ಲಿನ ಸಾಮಾನ್ಯ ಮನೆ ವಿಮೆ ನೆರೆಯನ್ನು ಹೊರಗಿಡುತ್ತದೆ. ಒಡೆದ ಕೊಳಾಯಿಯ ನೀರಿಗೆ ಹಣ ಸಿಗಬಹುದು, ಬೀದಿಯಿಂದ ಒಳನುಗ್ಗಿದ ನೀರಿಗೆ ಇಲ್ಲ. ನೆರೆಗಾಗಿ ಬೇರೆಯದೇ ಪಾಲಿಸಿ ಬೇಕು. 1968ರಲ್ಲಿ ಕಾಯ್ದೆಯ ಮೂಲಕ ಶುರುವಾದ ರಾಷ್ಟ್ರೀಯ ನೆರೆ ವಿಮಾ ಯೋಜನೆ ಅದನ್ನು ಕೊಡುತ್ತದೆ. ನಡೆಸುವುದು ಫೀಮಾ ಎಂಬ ಒಕ್ಕೂಟ ಸರ್ಕಾರದ ಸಂಸ್ಥೆ. ಗ್ಯಾಲ್ವೆಸ್ಟನ್‌ನಂಥ ಕಡಲ ಕೌಂಟಿಯಲ್ಲಿ ಗಾಳಿಯ ಕಥೆಯೂ ಬೇರೆ. ಅನೇಕ ಕಂಪನಿಗಳು ಚಂಡಮಾರುತದ ಗಾಳಿಯನ್ನೂ ಮನೆ ವಿಮೆಯಿಂದ ತೆಗೆದುಬಿಡುವುದರಿಂದ, ಅದಕ್ಕೆಂದು ಟೆಕ್ಸಾಸ್‌ನ ಕರಾವಳಿ ಕೌಂಟಿಗಳಿಗಾಗಿ ಪ್ರತ್ಯೇಕ ವಿಮಾ ಸಂಘವೇ ಇದೆ. ಒಂದು ಮನೆಗೆ ಮೂರು ಪಾಲಿಸಿ!

ಮೂರೂ ಬೇರೆಯಾದರೆ ಏನಾಗುತ್ತದೆ ಎಂಬುದನ್ನು ಅದೇ ಕೌಂಟಿ 2008ರಲ್ಲಿ ಕಂಡಿತು. ಸೆಪ್ಟೆಂಬರ್ 13ರ ನಸುಕಿನಲ್ಲಿ ‘ಐಕ್’ ಚಂಡಮಾರುತ ಗ್ಯಾಲ್ವೆಸ್ಟನ್‌ಗೆ ಅಪ್ಪಳಿಸಿತು. ಬೊಲಿವರ್ ಪರ್ಯಾಯದ್ವೀಪದ ಗಿಲ್‌ಕ್ರಿಸ್ಟ್ ಎಂಬ ಊರಿನ ವೈಮಾನಿಕ ಚಿತ್ರಗಳನ್ನು ನೋಡಿದವರಿಗೆ ನೆನಪಿರಬಹುದು: ಕಡಲ ಬದಿಯ ಸಾಲಿನಲ್ಲಿ ಎತ್ತರದ ಕಂಬಗಳ ಮೇಲೆ ನಿಂತ ಒಂದೇ ಒಂದು ಹಳದಿ ಮನೆ, ಸುತ್ತ ಬರೀ ಮರಳು. ಹೀಗೆ ತಳಪಾಯವಷ್ಟೇ ಉಳಿದ ಮನೆಗಳ ಮಾಲೀಕರು ಕ್ಲೇಮ್ ಹಾಕಿದಾಗ ಎದ್ದ ಪ್ರಶ್ನೆ, ಮನೆಯನ್ನು ಕೆಡವಿದ್ದು ಗಾಳಿಯೋ ನೀರೋ? ಸಾಕ್ಷಿ ಹೇಳಲು ಗೋಡೆಯೇ ಇಲ್ಲ. ನೆರೆ ಪಾಲಿಸಿ ಇಲ್ಲದವರಿಗೆ ‘ನೀರು’ ಎಂಬ ಉತ್ತರ ಬಂದರೆ ಗತಿ ಮುಗಿಯಿತು. ವ್ಯಾಜ್ಯಗಳು ವರ್ಷಗಟ್ಟಲೆ ಎಳೆದವು.

ಈಗ ‘ಎಕ್ಸ್’ ವಲಯಕ್ಕೆ ಬರೋಣ. ಯಾವುದೇ ವರ್ಷದಲ್ಲಿ ನೆರೆ ಬರುವ ಸಾಧ್ಯತೆ ಶೇ 1 ಅಥವಾ ಅದಕ್ಕಿಂತ ಹೆಚ್ಚಿರುವ ಜಾಗವನ್ನು ಫೀಮಾದ ನಕ್ಷೆ ‘ಎ’ ಅಕ್ಷರದಿಂದ, ಅಲೆಗಳ ಹೊಡೆತವೂ ಬೀಳುವ ಜಾಗವನ್ನು ‘ವಿ’ ಅಕ್ಷರದಿಂದ ಗುರುತಿಸುತ್ತದೆ. ಶೇ 1 ಎಂದರೆ ಜುಜುಬಿ ಎನ್ನಿಸುತ್ತದೆ. ಮೂವತ್ತು ವರ್ಷದ ಗೃಹಸಾಲದ ಅವಧಿಗೆ ಲೆಕ್ಕ ಹಾಕಿ; ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಶೇ 26 ಆಗುತ್ತದೆ. ಈ ವಲಯಗಳಲ್ಲಿ ಸಾಲ ಕೊಡುವ ಬ್ಯಾಂಕು ನೆರೆ ವಿಮೆ ಕೇಳಲೇಬೇಕೆಂದು 1973ರ ಕಾಯ್ದೆ ಹೇಳುತ್ತದೆ. ಗೆರೆಯ ಆಚೆ ಉಳಿದದ್ದೆಲ್ಲ ‘ಎಕ್ಸ್’. ಅಲ್ಲಿ ಕಾನೂನು ಸುಮ್ಮನಿರುತ್ತದೆ, ಆದ್ದರಿಂದ ಬ್ಯಾಂಕೂ ಸುಮ್ಮನಿರುತ್ತದೆ. ನೀವೇ ಬ್ಯಾಂಕಿನಲ್ಲಿದ್ದವರು. ಸಾಲ ಮಂಜೂರು ಮಾಡುವಾಗ ನೋಡುತ್ತಿದ್ದದ್ದು ಸಾಲದ ಭದ್ರತೆಯನ್ನೇ ಹೊರತು ಸಾಲಗಾರರ ಸೋಫಾ, ಫ್ರಿಜ್ಜುಗಳ ಯೋಗಕ್ಷೇಮವನ್ನಲ್ಲವಲ್ಲ!

ಆ ಗೆರೆಯನ್ನು ನೀರು ಎಷ್ಟು ಗೌರವಿಸುತ್ತದೆ? 2017ರ ಆಗಸ್ಟ್‌ನಲ್ಲಿ ‘ಹಾರ್ವೆ’ ಚಂಡಮಾರುತ ಬಂದಾಗ ಪಕ್ಕದ ಹ್ಯಾರಿಸ್ ಕೌಂಟಿಯಲ್ಲಿ ಸುಮಾರು 1.54 ಲಕ್ಷ ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಈ ಶೇ 1ರ ಗೆರೆಯ ಹೊರಗಿದ್ದವು. ಹೆಚ್ಚಿನವರ ಬಳಿ ನೆರೆ ವಿಮೆ ಇರಲಿಲ್ಲ. ಲೀಗ್ ಸಿಟಿಗೆ ತಾಗಿಕೊಂಡಿರುವ ಡಿಕಿನ್ಸನ್‌ನ ವೃದ್ಧಾಶ್ರಮದಲ್ಲಿ ಅಜ್ಜಿಯರು ಗಾಲಿಕುರ್ಚಿಯಲ್ಲಿ ಕುಳಿತಿದ್ದಂತೆಯೇ ಸೊಂಟದ ಮೇಲಿನ ನೀರಿನಲ್ಲಿ ಮುಳುಗಿದ್ದ ಚಿತ್ರ ಲೋಕವೆಲ್ಲ ಸುತ್ತಿದ್ದು ಆಗಲೇ.

ಆ ನೆಲದ ಸ್ವಭಾವವೂ ಹಾಗಿದೆ. ಚಪ್ಪಟೆ ಭೂಮಿ, ನೀರಿಂಗದ ಜೇಡಿಮಣ್ಣು, ಅವಸರವಿಲ್ಲದೆ ಹರಿಯುವ ತೊರೆಗಳು. 1979ರಲ್ಲಿ ಪಕ್ಕದ ಬ್ರಜೋರಿಯಾ ಕೌಂಟಿಯ ಆಲ್ವಿನ್‌ನಲ್ಲಿ ಒಂದೇ ದಿನ ಸುರಿದ ಮಳೆ 42 ಇಂಚು, ಮೀಟರಿಗೂ ಹೆಚ್ಚು. ನಿಮ್ಮ ಕಡೆ ಇಡೀ ವರ್ಷದಲ್ಲಿ ಬೀಳುವುದರ ಹೆಚ್ಚುಕಡಿಮೆ ಕಾಲು ಭಾಗ ಅದು. ಗಂಗೊಳ್ಳಿಯ ಅಳಿವೆಯಲ್ಲಿ ಉಬ್ಬರವಿರುವಾಗ ಮಳೆ ಹೊಡೆದರೆ ಗದ್ದೆಯ ನೀರು ಇಳಿಯದೆ ನಿಲ್ಲುವುದನ್ನು ನೀವು ಎಷ್ಟು ಸಲ ಕಂಡಿಲ್ಲ? ಚಂಡಮಾರುತ ಗ್ಯಾಲ್ವೆಸ್ಟನ್ ಕೊಲ್ಲಿಯ ನೀರನ್ನು ಅಡಿಗಟ್ಟಲೆ ಮೇಲೆತ್ತಿ ಹಿಡಿದಾಗ ಕ್ಲಿಯರ್ ಕ್ರೀಕ್, ಡಿಕಿನ್ಸನ್ ಬಾಯೂ ತೊರೆಗಳಿಗೂ ಅದೇ ಪಾಡು.

ಮಾರುವವರ ಮಾತನ್ನು ನಂಬೋಣ. ಹಾರ್ವೆಯಲ್ಲೂ ನೀರು ಬರಲಿಲ್ಲ ಎಂದಾದರೆ ಒಳ್ಳೆಯ ಸಂಗತಿಯೇ. ಆದರೆ ಹಾರ್ವೆ ಆ ಊರಿಗೆ ತಂದದ್ದು ಮಳೆಯ ನೆರೆ. ಐಕ್ ತಂದದ್ದು ಕಡಲಿನ ನೆರೆ. 1900ರಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಚಂಡಮಾರುತದ ಬಳಿಕ ಗ್ಯಾಲ್ವೆಸ್ಟನ್ ನಗರ ಸಮುದ್ರಕ್ಕೆ ಎದುರಾಗಿ ದೊಡ್ಡ ತಡೆಗೋಡೆ ಕಟ್ಟಿಕೊಂಡಿತ್ತು. ಐಕ್ ಬಂದಾಗ ನೀರು ಹಿಂದಿನ ಕೊಲ್ಲಿಯ ಕಡೆಯಿಂದ ಊರೊಳಗೆ ನುಗ್ಗಿತು. ಲೀಗ್ ಸಿಟಿ ಇರುವುದು ಆ ಕೊಲ್ಲಿಯ ಬದಿಗೇ. ಮಾರುವವರ ಹದಿನೈದು ವರ್ಷ ಶುರುವಾಗುವುದು ಐಕ್ ಬಂದುಹೋದ ಮೇಲೆ ಎಂಬುದನ್ನು ಗಮನಿಸಿದಿರಾ? ಹಿಂದೆ ನೀರು ನುಗ್ಗಿದ್ದರೆ ಅದನ್ನು ಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಟೆಕ್ಸಾಸ್‌ನಲ್ಲಿ ಕಾನೂನಿದೆ. ಆ ಹಾಳೆಯನ್ನು ಮಗಳು ಸಾವಧಾನವಾಗಿ ಓದಲಿ. ಅಕ್ಕಪಕ್ಕದ ಮನೆಯ ಹಳಬರನ್ನೂ ಮಾತನಾಡಿಸಲಿ. ಅವರಿಗೆ ಮಾರಬೇಕಾದದ್ದು ಏನೂ ಇಲ್ಲ.

ಖರ್ಚಿನ ವಿಷಯ. 2021ರ ಅಕ್ಟೋಬರ್‌ನಿಂದ ಈ ಯೋಜನೆಯ ಪ್ರೀಮಿಯಂ ಲೆಕ್ಕವೇ ಬದಲಾಗಿದೆ. ಈಗ ವಲಯದ ಅಕ್ಷರ ನೋಡಿ ದರ ಹಾಕುವುದಿಲ್ಲ. ಮನೆ ನೀರಿನಿಂದ ಎಷ್ಟು ದೂರ, ನೆಲಗಟ್ಟು ಎಷ್ಟು ಎತ್ತರ, ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದನ್ನೆಲ್ಲ ನೋಡುತ್ತಾರೆ. ಹಾಗಾಗಿ ‘ಎಕ್ಸ್’ ಆದರೆ ಅಗ್ಗ ಎಂಬ ಹಳೆಯ ಮಾತನ್ನು ನಂಬದೆ ಆ ವಿಳಾಸಕ್ಕೇ ದರ ಕೇಳಬೇಕು. ಮಾರುವವರ ಹೆಸರಿನಲ್ಲಿ ಈಗಾಗಲೇ ಇದೇ ಯೋಜನೆಯ ಪಾಲಿಸಿ ಇದ್ದರೆ ಅದನ್ನು ಕೊಳ್ಳುವವರ ಹೆಸರಿಗೆ ವರ್ಗಾಯಿಸಿಕೊಳ್ಳಬಹುದು; ಅದರಲ್ಲಿ ರಿಯಾಯಿತಿ ದರ ಉಳಿದಿದ್ದರೆ ಅದೂ ಜೊತೆಗೆ ಬರುತ್ತದೆ. ಇದನ್ನು ಕೇಳುವವರು ಕಡಿಮೆ.

ಪಾಲಿಸಿಯ ಮಿತಿಗಳನ್ನೂ ಮೊದಲೇ ತಿಳಿದಿರಬೇಕು. ಕಟ್ಟಡಕ್ಕೆ ಗರಿಷ್ಠ 2.5 ಲಕ್ಷ ಡಾಲರ್, ಒಳಗಿನ ಸಾಮಾನುಗಳಿಗೆ 1 ಲಕ್ಷ. ಎರಡನ್ನೂ ಬೇರೆ ಬೇರೆಯಾಗಿ ಕೇಳಿ ಪಡೆಯಬೇಕು. ಸಾಮಾನಿನ ಬೆಲೆಯಲ್ಲಿ ಸವಕಳಿ ಕಳೆಯುತ್ತಾರೆ. ಮನೆ ರಿಪೇರಿಯಾಗುವ ತನಕ ಬೇರೆಡೆ ಇರಲು ಬಾಡಿಗೆ ಕೊಡುವುದಿಲ್ಲ. ಕಾರು ಇದರಲ್ಲಿ ಬರುವುದಿಲ್ಲ. ನಮ್ಮವರು ಮುಖ್ಯವಾಗಿ ನೋಡಬೇಕಾದದ್ದು ಚಿನ್ನ: ಒಡವೆ, ಕಲಾಕೃತಿ ಮುಂತಾದವೆಲ್ಲ ಸೇರಿ ಸಿಗುವುದು 2,500 ಡಾಲರ್ ಮಾತ್ರ. ಮದುವೆಯಲ್ಲಿ ನೀವು ಹಾಕಿದ ಒಡವೆಗಳು ಬ್ಯಾಂಕ್ ಲಾಕರ್‌ನಲ್ಲೇ ಇರಲಿ, ಅದೂ ಎತ್ತರದ ಜಾಗದಲ್ಲಿರುವ ಬ್ಯಾಂಕಿನಲ್ಲಿ.

ಸರ್ಕಾರದ ಪರಿಹಾರ ಕೇಳಿದಿರಿ. ಅಧ್ಯಕ್ಷರು ವಿಪತ್ತು ಎಂದು ಘೋಷಿಸಿದರೆ ಫೀಮಾ ಒಂದಿಷ್ಟು ನೆರವು ಕೊಡುತ್ತದೆ. ಅದು ತಲೆಯ ಮೇಲೊಂದು ಸೂರು ಮಾಡಿಕೊಳ್ಳಲು ಸಾಕಾದೀತು, ಮನೆಯನ್ನು ಮೊದಲಿನಂತೆ ಮಾಡಲು ಸಾಲದು. ಅದಕ್ಕಿಂತ ದೊಡ್ಡ ಮೊತ್ತ ಬರುವುದು ಸಾಮಾನ್ಯವಾಗಿ ಕಡಿಮೆ ಬಡ್ಡಿಯ ಸಾಲದ ರೂಪದಲ್ಲಿ. ಗೃಹಸಾಲದ ಕಂತಿನ ಮೇಲೆ ಇನ್ನೊಂದು ಕಂತು ಎಂದರೆ ಏನೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ ದಿನಾಂಕ. ಈ ಪಾಲಿಸಿ ಸಾಮಾನ್ಯವಾಗಿ ಜಾರಿಗೆ ಬರುವುದು ಹಣ ಕಟ್ಟಿದ 30 ದಿನಗಳ ಮೇಲೆ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಮೆಕ್ಸಿಕೊ ಕೊಲ್ಲಿಯಲ್ಲಿ ಬಿರುಗಾಳಿ ಎದ್ದಿದೆ ಎಂದು ಟಿವಿಯಲ್ಲಿ ನೋಡಿ ಓಡಿದರೆ ಪ್ರಯೋಜನವಿಲ್ಲ. ಸಾಲದ ವ್ಯವಹಾರದ ಜೊತೆಗೇ ಪಾಲಿಸಿ ಮಾಡಿಸುವವರಿಗೆ ಈ ಕಾಯುವಿಕೆಯಿಂದ ವಿನಾಯಿತಿ ಇದೆ. ‘ಎಕ್ಸ್’ ವಲಯದ ತಮ್ಮ ಮನೆಗೂ ಅದು ಅನ್ವಯಿಸುತ್ತದೆಯೇ ಎಂದು ಸಹಿ ಹಾಕುವ ಮೊದಲು ಏಜೆಂಟರಿಂದ ಬರವಣಿಗೆಯಲ್ಲಿ ಉತ್ತರ ಪಡೆಯಲಿ. ನೋಂದಣಿ ಬರುವ ತಿಂಗಳು ಎಂದು ಬರೆದಿದ್ದೀರಿ. ಪತ್ರಿಕೆ ಕೈಸೇರುವುದು ತಡವಾದೀತೆಂದು ಈ ಉತ್ತರದ ಪ್ರತಿಯೊಂದನ್ನು ಅಂಚೆಯಲ್ಲೂ ಕಳಿಸಿದ್ದೇವೆ.

— ಸಂಪಾದಕ